ಮಿಕ್ಕ ನೀರು ಯಾರದು?

ಗೃಹಸ್ಥನು ತನ್ನದೆಂದು ಹೇಳಿಕೊಳ್ಳುವ ವಸ್ತುಗಳಲ್ಲಿ ಎರಡು ಬಗೆಗಳುಂಟು. ಒಂದು, ದುಡಿದು ಗಳಿಸಿದ್ದು; ಇನ್ನೊಂದು, ದುಡಿಯದೆಯೇ ಕೈಗೆ ಎಟುಕಿದ್ದು. ಹೊಲ, ಮನೆ, ದನಕರು, ಧಾನ್ಯಗಳು ಮೊದಲನೆಯ ವರ್ಗದವು. ಗಾಳಿ, ಬಿಸಿಲು, ಮಳೆ, ಹರಿಯುವ ನೀರು ಎರಡನೆಯ ವರ್ಗದವು. ಮೊದಲನೆಯದರ ವಿಷಯದಲ್ಲಿ ಲೋಕದ ನ್ಯಾಯವು ಸ್ಪಷ್ಟವಾಗಿದೆ. ಅದಕ್ಕೆ ಪತ್ರವುಂಟು, ಪಹಣಿಯುಂಟು, ಸಾಕ್ಷಿಯುಂಟು. ಎರಡನೆಯದರ ವಿಷಯದಲ್ಲಿಯಾದರೋ ಮನುಷ್ಯನ ಮನಸ್ಸು ಒಂದು ಸುಲಭವಾದ ತೀರ್ಮಾನಕ್ಕೆ ಬಂದುಬಿಡುತ್ತದೆ: ಯಾರದೂ ಅಲ್ಲದ ವಸ್ತುವು ಮೊದಲು ಕೈಚಾಚಿದವನದು ಎಂದು. ಈ ತೀರ್ಮಾನವು ಧರ್ಮಕ್ಕೆ ಸಮ್ಮತವೇ? ಒಕ್ಕಲುತನವನ್ನೇ ಕಾಯಕವಾಗಿ ನಂಬಿದ ಸದ್ಭಕ್ತರು ವಿಚಾರಿಸಬೇಕಾದ ಪ್ರಶ್ನೆಯಿದು. ಕಾಲುವೆಯ ನೀರಿನಿಂದ ಬದುಕು ಕಟ್ಟಿಕೊಂಡ ಸಿಂಧನೂರು, ಲಿಂಗಸೂಗೂರು, ಮಸ್ಕಿ ಸೀಮೆಯವರಿಗಂತೂ ಇದು ಬರಿಯ ತರ್ಕದ ಮಾತಲ್ಲ, ಪ್ರತಿ ಹಂಗಾಮಿನ ಮಾತು.

ಈ ಪ್ರಶ್ನೆಗೆ ಉತ್ತರವು ಇದೇ ನೆಲದ ಇಬ್ಬರು ಶರಣರ ಚರಿತ್ರೆಯಲ್ಲಿ ದೊರೆಯುತ್ತದೆ. ಆಯ್ದಕ್ಕಿ ಮಾರಯ್ಯನೂ ಆತನ ಪುಣ್ಯಸ್ತ್ರೀ ಲಕ್ಕಮ್ಮನೂ ಲಿಂಗಸೂಗೂರು ತಾಲೂಕಿನ ಅಮರೇಶ್ವರದವರೆಂದು ಸಂಪ್ರದಾಯವು ಹೇಳುತ್ತದೆ. ಅಮರೇಶ್ವರಲಿಂಗವೆಂಬುದು ಮಾರಯ್ಯನ ವಚನಗಳ ಅಂಕಿತ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋದ ಈ ದಂಪತಿಗಳು ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದಲೇ ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಸಂತೋಷಪಡಲಿಲ್ಲ, ಈ ಹೆಚ್ಚಳವೇಕೆಂದು ಕೇಳಿದಳು, ಮಿಕ್ಕದ್ದನ್ನು ತಂದ ಸ್ಥಳದಲ್ಲಿಯೇ ಚೆಲ್ಲಿ ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು.

ಈ ಕಥೆಯನ್ನು ಕೇಳದ ಮನೆಯಿಲ್ಲ. ಆದರೆ ಅದರೊಳಗಿನ ಒಂದು ಸೂಕ್ಷ್ಮವು ಅನೇಕರ ಲಕ್ಷ್ಯಕ್ಕೆ ಬರುವುದಿಲ್ಲ. ಮಾರಯ್ಯನು ಆ ಅಕ್ಕಿಯನ್ನು ಕದ್ದವನಲ್ಲ. ಅದು ಯಾರ ಕಣಜದಲ್ಲಿಯೂ ಇದ್ದುದಲ್ಲ, ನೆಲದ ಮೇಲೆ ಬಿದ್ದದ್ದು. ಆಯಬೇಡವೆಂದು ಯಾರೂ ತಡೆದಿರಲಿಲ್ಲ. ಆಯುವುದಕ್ಕೆ ಆತನು ಬೆನ್ನು ಬಗ್ಗಿಸಿ ದುಡಿದೂ ಇದ್ದನು. ರಾಜಶಾಸನದ ದೃಷ್ಟಿಯಿಂದ ನೋಡಿದರೆ ಅದರಲ್ಲಿ ದೋಷವೇ ಇಲ್ಲ. ಹೀಗಿದ್ದರೂ ಲಕ್ಕಮ್ಮನಿಗೆ ದೋಷವು ಕಂಡಿತು. ಏಕೆಂದರೆ ಆಕೆಯು ಕೇಳಿದ ಪ್ರಶ್ನೆ, ಇದು ಯಾರದು ಎಂಬುದಲ್ಲ. ಇದು ಬೇಕಾದದ್ದೇ ಎಂಬುದು. ಬೇಕಾದಷ್ಟನ್ನು ತಂದರೆ ಕಾಯಕ, ಅದನ್ನು ಮೀರಿದರೆ ಆಸೆ. ಒಡೆಯನಿಲ್ಲದ ವಸ್ತುವಿಗೂ ಒಂದು ಮಿತಿಯುಂಟೆಂಬುದನ್ನು ಅಷ್ಟು ಸ್ಪಷ್ಟವಾಗಿ ತೋರಿಸಿದ ದೃಷ್ಟಾಂತವು ಮತ್ತೊಂದು ಸಿಕ್ಕುವುದು ದುರ್ಲಭ. ಅಕ್ಕಿಯ ವಿಷಯದಲ್ಲಿ ಆಕೆ ಹಿಡಿದ ಈ ಅಳತೆಯನ್ನು, ಅಕ್ಕಿಯನ್ನು ಬೆಳೆಯುವ ನೀರಿನ ವಿಷಯದಲ್ಲಿ ಹಿಡಿದು ನೋಡುವುದು ಉಚಿತ.

ಆಗಿನ ಹೈದರಾಬಾದ್ ಮತ್ತು ಮದ್ರಾಸ್ ಸರಕಾರಗಳು ಕೂಡಿ ೧೯೪೫ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸವನ್ನು ಆರಂಭಿಸಿದವು. ೧೯೫೩ರಲ್ಲಿ ಕಾಲುವೆಗೆ ನೀರು ಬಂದಿತು. ಎಡದಂಡೆಯ ಮುಖ್ಯ ಕಾಲುವೆಯ ಉದ್ದವು ಸುಮಾರು ೨೨೭ ಕಿಲೋಮೀಟರು. ಕೊಪ್ಪಳ, ಗಂಗಾವತಿ, ಕಾರಟಗಿಗಳ ನೆಲವನ್ನು ತಣಿಸಿ, ಸಿಂಧನೂರಿನ ಮೂಲಕ ಹಾದು, ಮಾನ್ವಿ, ಸಿರವಾರ, ರಾಯಚೂರುಗಳ ಕಡೆಗೆ ಅದು ಹರಿಯುತ್ತದೆ. ಇದರ ಅಚ್ಚುಕಟ್ಟು ಸುಮಾರು ೬ ಲಕ್ಷ ಎಕರೆ. ಕ್ಷಾಮದ ಬಾಯಿಗೆ ಮತ್ತೆ ಮತ್ತೆ ಬೀಳುತ್ತಿದ್ದ ಸೀಮೆಯೊಂದರಲ್ಲಿ ಆದಷ್ಟು ಹೆಚ್ಚು ಮನೆಗಳಿಗೆ ಅನ್ನ ದೊರೆಯಲೆಂಬುದೇ ಯೋಜನೆಯ ಮೂಲೋದ್ದೇಶವಾಗಿತ್ತು. ಅದುಕಾರಣ ಈ ಕಾಲುವೆಯ ಹೆಚ್ಚಿನ ನೆಲವನ್ನು ಜೋಳ, ಹತ್ತಿ, ಶೇಂಗಾಗಳಂಥ ಕಡಮೆ ನೀರಿನ ಬೆಳೆಗಳಿಗೆಂದು ಗೊತ್ತುಮಾಡಿದರು. ಭತ್ತಕ್ಕೆ ಸಲ್ಲುವ ಪಾಲು ಸಣ್ಣದಾಗಿತ್ತು. ಕಾಲುವೆಯ ಅಗಲ ಆಳಗಳನ್ನೂ ಈ ಲೆಕ್ಕಕ್ಕೆ ಹೊಂದುವಂತೆಯೇ ಕಟ್ಟಿದರು.

ನಡೆದದ್ದು ಬೇರೆ. ನೀರು ಕಣ್ಣೆದುರಿಗೆ ಹರಿಯತೊಡಗಿದ ಮೇಲೆ ಮೇಲುಭಾಗದ ಹೊಲಗಳು ಕ್ರಮಕ್ರಮವಾಗಿ ಗದ್ದೆಗಳಾದವು. ಭತ್ತದ ಬೇಸಾಯದಲ್ಲಿ ನಿಪುಣರಾದ ಒಕ್ಕಲಿಗರು ದೂರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದರು. ಅವರಿಂದ ಸ್ಥಳೀಯರು ಕಲಿತರು. ಅಕ್ಕಿಯ ಗಿರಣಿಗಳು ಎದ್ದವು. ಸಿಂಧನೂರಿನ ಪೇಟೆಯು ಬೆಳೆಯಿತು. ಇದರಿಂದ ಸಾವಿರಾರು ಮನೆಗಳಲ್ಲಿ ದೀಪ ಬೆಳಗಿತೆಂಬುದನ್ನು ಮರೆಮಾಡುವುದು ನ್ಯಾಯವಲ್ಲ. ಆದರೆ ಜೋಳಕ್ಕೆ ಬೇಕಾಗುವ ನೀರಿನ ಎರಡು ಮೂರು ಪಟ್ಟು ನೀರು ಭತ್ತಕ್ಕೆ ಬೇಕು. ಇಬ್ಬರಿಗೆ ಅಥವಾ ಮೂವರಿಗೆಂದು ಹೊರಟ ನೀರು ಒಬ್ಬನ ಗದ್ದೆಯಲ್ಲಿ ನಿಂತುಬಿಟ್ಟರೆ, ಉಳಿದವರ ಪಾಲು ಎಲ್ಲಿಂದ ಬರಬೇಕು? ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತರು ಕಾಲುವೆಯನ್ನು ಕಂಡಿದ್ದಾರೆ, ಅದರಲ್ಲಿ ನೀರನ್ನು ಕಾಣುವುದಕ್ಕೆ ಕಾಯುತ್ತಾರೆ. ಆ ಭಾಗದ ಅನೇಕ ಊರುಗಳ ಕುಡಿಯುವ ನೀರಿನ ಕೆರೆಗಳು ತುಂಬಬೇಕಾದುದೂ ಇದೇ ಕಾಲುವೆಯಿಂದ. ಕಾಲುವೆಯ ದಂಡೆಗೆ ನಿಷೇಧಾಜ್ಞೆಯನ್ನು ಹೊರಡಿಸಿ, ತೂಬುಗಳಿಗೆ ಪೊಲೀಸರ ಕಾವಲಿಟ್ಟು, ನೀರನ್ನು ಕೆಳಕ್ಕೆ ಹಾಯಿಸಬೇಕಾದ ವರ್ಷಗಳೂ ಬಂದು ಹೋಗಿವೆ.

ಇತ್ತ ಜಲಾಶಯವೂ ಹಿಂದಿನಂತಿಲ್ಲ. ಕಟ್ಟಿದಾಗ ಸುಮಾರು ೧೩೩ ಟಿ.ಎಂ.ಸಿ. ನೀರನ್ನು ಹಿಡಿಯುತ್ತಿದ್ದ ಅದು, ಹೂಳು ತುಂಬಿದ ಕಾರಣ ಈಗ ಹಿಡಿಯುವುದು ೧೦೫ರ ಆಸುಪಾಸು. ೨೦೨೪ರ ಆಗಸ್ಟ್ ೧೦ರ ರಾತ್ರಿ ೧೯ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ತಡೆಹಲಗೆಗಳನ್ನು ಇಳಿಸಿ ನೀರನ್ನು ನಿಲ್ಲಿಸುವವರೆಗೆ ಸುಮಾರು ಒಂದು ವಾರ ಇಡೀ ಅಚ್ಚುಕಟ್ಟು ನಿದ್ದೆಗೆಟ್ಟಿತು. ಬಿತ್ತಿದ್ದು ಉಳಿಯುವುದೋ ಇಲ್ಲವೋ ಎಂಬ ಆ ತಳಮಳವು ಮೇಲುಭಾಗದವರಿಗೆ ಹೊಸದಾಗಿತ್ತು. ಕೊನೆಭಾಗದವರಿಗೆ ಅದು ಪ್ರತಿವರ್ಷದ ಅನುಭವ. ಮಸ್ಕಿ ತಾಲೂಕಿನಲ್ಲಿ ಕಾಲುವೆಯೇ ತಲುಪದ ಊರುಗಳೂ ಉಂಟು. ೨೦೨೦-೨೧ರಲ್ಲಿ ಪಾಮನಕಲ್ಲೂರಿನ ಸುತ್ತಣ ರೈತರು ಕೃಷ್ಣೆಯ ನಾರಾಯಣಪುರ ಬಲದಂಡೆಯಿಂದ ೫ಎ ಕಾಲುವೆಯಾಗಬೇಕೆಂದು ದೀರ್ಘಕಾಲ ಧರಣಿ ಕುಳಿತರು. ಒಂದೇ ಸೀಮೆಯಲ್ಲಿ ಒಬ್ಬನ ಗದ್ದೆಯಲ್ಲಿ ನೀರು ಮಿಕ್ಕು ಹಳ್ಳಕ್ಕೆ ಬೀಳುತ್ತಿರುವಾಗ, ಇನ್ನೊಬ್ಬನು ನೀರಿಗಾಗಿ ದಾರಿಯಲ್ಲಿ ಕುಳಿತಿದ್ದಾನೆ. ಇದಕ್ಕೆ ಮಳೆಯನ್ನು ದೂರುವಂತಿಲ್ಲ.

ಇಲ್ಲಿ ಗೃಹಸ್ಥನ ಪಕ್ಷವನ್ನೂ ಕೇಳಬೇಕು. ಕೇಳದೆ ಕೊಟ್ಟ ತೀರ್ಪು ತೀರ್ಪಲ್ಲ. ಆತನು ಹೇಳುವ ಮಾತುಗಳು ಮೂರು. ಮೊದಲನೆಯದು: ಮೇಲಿನ ಹೊಲದವನು ಭತ್ತ ನಾಟಿಮಾಡಿದರೆ ಆ ಬಸಿನೀರು ಕೆಳಗಿನ ಹೊಲವನ್ನು ನೆನೆಸುತ್ತದೆ, ನೆನೆದ ಎರೆಮಣ್ಣಿನಲ್ಲಿ ಜೋಳವೂ ನಿಲ್ಲದು, ಹತ್ತಿಯೂ ನಿಲ್ಲದು, ಅವನೂ ಭತ್ತಕ್ಕೆ ಇಳಿಯದೆ ಗತಿಯಿಲ್ಲ. ಎರಡನೆಯದು: ಸಾಲವುಂಟು, ಮಕ್ಕಳ ಓದು ಮದುವೆಗಳುಂಟು, ಭತ್ತಕ್ಕೆ ಮನೆಬಾಗಿಲಲ್ಲಿಯೇ ಗಿರಣಿಯುಂಟು. ಮೂರನೆಯದು: ತಾನೊಬ್ಬನು ತೂಬು ಮುಚ್ಚಿದರೆ ಆ ನೀರು ಕೊನೆಭಾಗಕ್ಕೆ ಹೋಗುವುದೆಂದು ಏನು ನಂಬಿಕೆ? ನಡುವಿನ ಹತ್ತು ಜನರು ಅದನ್ನು ಎಳೆದುಕೊಳ್ಳುವುದಿಲ್ಲವೇ?

ಈ ಮೂರು ಮಾತುಗಳಲ್ಲಿ ಮೊದಲನೆಯದು ನಿಜವಾದ ಕಷ್ಟ. ಒಬ್ಬನ ಅತಿಯು ಇನ್ನೊಬ್ಬನ ಮಿತಿಯನ್ನೂ ಕೆಡಿಸುತ್ತದೆಂಬುದಕ್ಕೆ ಅದೇ ಸಾಕ್ಷಿ. ಎರಡನೆಯದು ಭತ್ತವನ್ನು ಸಮರ್ಥಿಸಬಹುದಲ್ಲದೆ, ಭತ್ತದ ಗದ್ದೆಯಿಂದ ಹಗಲಿರುಳು ಉಕ್ಕಿ ಹಳ್ಳ ಸೇರುವ ನೀರನ್ನು ಸಮರ್ಥಿಸುವುದಿಲ್ಲ. ಸಾಲವಿದ್ದವನಿಗೂ ಆ ನೀರಿನಿಂದ ಒಂದು ಕಾಳೂ ಹೆಚ್ಚುವುದಿಲ್ಲ. ಮೂರನೆಯದು ಎಲ್ಲ ಕಾಲದ ಅಧರ್ಮಕ್ಕೂ ಆಸರೆಯಾದ ಮಾತು. ಮಾರಯ್ಯನು ಚೆಲ್ಲಿ ಬಂದ ಅಕ್ಕಿಯನ್ನು ಇನ್ನೊಬ್ಬನು ಆಯ್ದುಕೊಂಡಿರಬಹುದು. ಲಕ್ಕಮ್ಮನು ಅದನ್ನು ಲೆಕ್ಕಿಸಲಿಲ್ಲ. ಆಕೆಗೆ ಅಕ್ಕಿಯು ಎಲ್ಲಿಗೆ ಹೋಗುವುದೆಂಬುದಕ್ಕಿಂತ, ತನ್ನ ಮನೆಯಲ್ಲಿ ಏನು ಉಳಿಯಬಾರದೆಂಬುದು ಮುಖ್ಯವಾಗಿತ್ತು. ಆದರೂ ನೀರಿನ ವಿಷಯದಲ್ಲಿ ಒಂಟಿಯಾಗಿ ನಡೆದ ಧರ್ಮವು ಕೆಳಗಿನವನಿಗೆ ಪೂರ್ತಿ ಫಲಿಸದೆಂಬುದನ್ನು ಒಪ್ಪಲೇಬೇಕು. ಅದಕ್ಕಾಗಿಯೇ ಒಂದೇ ತೂಬಿನವರು, ಒಂದೇ ಉಪಕಾಲುವೆಯವರು ಕೂಡಿ ಪಾಳಿಯನ್ನು ಗೊತ್ತುಮಾಡಿಕೊಳ್ಳುವುದು ಅವಶ್ಯ. ನೀರು ಬಳಕೆದಾರರ ಸಹಕಾರ ಸಂಘಗಳು ಇರುವುದು ಇದಕ್ಕಾಗಿ. ಹಲಗೆಯ ಮೇಲಿನ ಹೆಸರಿಗಾಗಿ ಅಲ್ಲ.

ಇನ್ನು ನೆಲದ ಮಾತು. ಎರೆಯ ಮಣ್ಣಿನ ಒಡಲಲ್ಲಿ ಲವಣವು ಸಹಜವಾಗಿಯೇ ಇದೆ. ಕಾಲುವೆಯ ನೀರಿನಲ್ಲಿಯೂ ಅಲ್ಪ ಲವಣವುಂಟು. ವರ್ಷವರ್ಷವೂ ನೀರು ನಿಂತು ಇಂಗಿದಾಗ ಅಂತರ್ಜಲವು ಮೇಲಕ್ಕೆ ಏರುತ್ತದೆ. ಬೇರಿನ ಮಟ್ಟಕ್ಕೆ ಬಂದ ಆ ನೀರು, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಮಣ್ಣಿನ ಸಂದುಗಳಲ್ಲಿ ಏರಿ ಬಿಸಿಲಿಗೆ ಆರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಹೀಗೆ ನೆಲವು ಮೊದಲು ಜವಳಾಗಿ, ಅನಂತರ ಸವಳಾಗಿ, ಕಡೆಗೆ ಬೆಳ್ಳನೆಯ ಹೊಪ್ಪಳಿಕೆ ಕಟ್ಟಿ ಬಂಜೆಯಾಗುತ್ತದೆ. ಗಂಗಾವತಿ, ಸಿಂಧನೂರು ಭಾಗಗಳಲ್ಲಿ ಈ ಬಗೆಯ ನೆಲವು ಕಣ್ಣಿಗೆ ಬೀಳುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ಸವಳು ನೆಲದ ಚಿಕಿತ್ಸೆಯನ್ನೇ ಒಂದು ಮುಖ್ಯ ವಿಷಯವಾಗಿ ಇಟ್ಟುಕೊಂಡಿದೆ.

ಇದನ್ನು ಕಂಡ ಕೆಲವರು, ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯನ್ನು ಹೇಳಿ ಸುಮ್ಮನಾಗುತ್ತಾರೆ. ಅತಿಯಾಗಿ ನೀರುಂಡವನಿಗೆ ಅವನ ನೆಲವೇ ಶಿಕ್ಷೆ ಕೊಡುವುದೆಂದು ಅವರ ಭಾವನೆ. ವಸ್ತುಸ್ಥಿತಿಯು ಇದಕ್ಕಿಂತ ಕಠಿಣವಾಗಿದೆ. ನೀರು ತಗ್ಗಿಗೆ ಹರಿಯುತ್ತದೆ. ಇಂಗಿದ ನೀರೂ ತಗ್ಗಿಗೇ ಹರಿಯುತ್ತದೆ. ಎತ್ತರದ ಗದ್ದೆಯಲ್ಲಿ ಮಾಡಿದ ಅತಿಯು ಮೊದಲು ಸವಳಾಗಿ ಕಾಣಿಸಿಕೊಳ್ಳುವುದು ತಗ್ಗಿನವನ ಹೊಲದಲ್ಲಿ. ಮಾಡಿದವನು ಒಬ್ಬ, ಉಣ್ಣುವವನು ಮತ್ತೊಬ್ಬ. ಅನೇಕ ವೇಳೆ ಮಾಡಿದವನು ತಂದೆ, ಉಣ್ಣುವವನು ಮೊಮ್ಮಗ. ಅದುಕಾರಣ ನನ್ನ ಹೊಲವು ಚೆನ್ನಾಗಿಯೇ ಇದೆ, ಆದುದರಿಂದ ನನ್ನಿಂದ ತಪ್ಪು ನಡೆದಿಲ್ಲ ಎಂಬ ಸಮಾಧಾನವು ಇಲ್ಲಿ ಸಲ್ಲದು. ಕೆಟ್ಟ ಕೆಲಸದ ಗುರುತು ಕೆಟ್ಟವನ ಹೊಲದಲ್ಲಿಯೇ ಕಾಣಿಸುವಂತಿದ್ದರೆ ಧರ್ಮಾಚರಣೆಯು ಸುಲಭವಾಗುತ್ತಿತ್ತು. ಅದಕ್ಕೆ ಲೆಕ್ಕದ ಬುದ್ಧಿಯೇ ಸಾಕಾಗುತ್ತಿತ್ತು. ತನಗೆ ಹಾನಿಯೆಂದು ನೀರನ್ನು ಮಿತಗೊಳಿಸುವುದು ವ್ಯವಹಾರ. ತನಗೆ ಹಾನಿಯಿಲ್ಲದಿದ್ದಾಗಲೂ ಕೆಳಗಿನವನನ್ನು ನೆನೆದು ಮಿತಗೊಳಿಸುವುದು ದಾಸೋಹ. ಇವೆರಡರ ಅಂತರವನ್ನು ಅರಿತವನೇ ಕಾಯಕದ ಮರ್ಮವನ್ನು ಅರಿತವನು.

ಈ ವಿಚಾರವು ಒಂದು ಸೀಮೆಗೆ ಮಾತ್ರ ಸೀಮಿತವಾದುದಲ್ಲ. ಆಸ್ಟ್ರೇಲಿಯಾ ಖಂಡದಲ್ಲಿ ಮರ್ರೆ ಎಂಬ ನದಿಯುಂಟು. ೧೮೮೭ರಲ್ಲಿ ಕೆನಡಾ ಮೂಲದ ಚಾಫೀ ಸಹೋದರರು ಅದರ ದಂಡೆಯ ಮಿಲ್ಡುರಾ, ರೆನ್ಮಾರ್ಕ್ ಎಂಬ ಸ್ಥಳಗಳಲ್ಲಿ ನೀರಾವರಿಯನ್ನು ಆರಂಭಿಸಿದರು. ಒಣಭೂಮಿಯು ದ್ರಾಕ್ಷಿಯ ತೋಟಗಳಾಯಿತು. ಸಾಲುಗಳಲ್ಲಿ ಧಾರಾಳವಾಗಿ ಬಿಟ್ಟ ನೀರು ಇಂಗಿ, ಅಂತರ್ಜಲವು ಏರಿ, ಅಲ್ಲಿಯೂ ಜವಳು ಸವಳುಗಳು ಹುಟ್ಟಿದವು. ತೋಟದವರು ನೆಲದೊಳಗೆ ಕೊಳವೆಗಳನ್ನು ಹುಗಿದು ನೀರನ್ನು ಬಸಿದರು. ತೋಟವು ಉಳಿಯಿತು, ಆದರೆ ಬಸಿದ ಉಪ್ಪು ನದಿಯನ್ನು ಸೇರಿ ಕೆಳಗಿನ ಊರುಗಳ ನೀರನ್ನು ಕೆಡಿಸಿತು. ಕಡೆಗೆ ೧೯೮೮ರ ಸುಮಾರಿಗೆ ಆ ನದಿಯ ರಾಜ್ಯಗಳು ಕೂಡಿ ಒಂದು ಕಟ್ಟಳೆ ಮಾಡಿಕೊಂಡವು. ನದಿಗೆ ಉಪ್ಪನ್ನು ಕೂಡಿಸುವ ಕೆಲಸವು ಆ ರಾಜ್ಯದ ಲೆಕ್ಕದಲ್ಲಿ ಸಾಲವಾಗಿ ಬರೆಯಲ್ಪಡುತ್ತದೆ, ಉಪ್ಪನ್ನು ಕಡಮೆ ಮಾಡುವ ಕೆಲಸವು ಜಮೆಯಾಗಿ ಬರೆಯಲ್ಪಡುತ್ತದೆ. ತನ್ನ ತೋಟವನ್ನು ಉಳಿಸಿಕೊಳ್ಳುವುದಷ್ಟೇ ಸಾಲದು, ಕೆಳಗಿನವನಿಗೆ ಹೋದ ಉಪ್ಪಿನ ಲೆಕ್ಕವನ್ನೂ ಇಡಬೇಕೆಂಬ ಈ ಕಟ್ಟಳೆಯು ಲಕ್ಕಮ್ಮನ ಅಳತೆಗೆ ಬಹು ಸಮೀಪವಾದದ್ದು.

ಕನ್ನಡನಾಡಿನ ದ್ರಾಕ್ಷಿಯ ತೋಟಗಳು ಹೆಚ್ಚಾಗಿ ಇರುವುದು ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ. ದ್ರಾಕ್ಷಿಯ ಬಳ್ಳಿಗೆ ಉಪ್ಪು ಸಹಿಸದು. ಅದಕ್ಕಾಗಿ ಅಲ್ಲಿಯ ರೈತರು ಡಾಗ್‌ರಿಜ್ ಎಂಬ ಗಟ್ಟಿ ಜಾತಿಯ ಬೇರುಗಿಡದ ಮೇಲೆ ಒಳ್ಳೆಯ ಜಾತಿಯ ಕಣ್ಣನ್ನು ಕಸಿಮಾಡಿ ಬೆಳೆಸುತ್ತಾರೆ. ನೀರನ್ನು ಹನಿಹನಿಯಾಗಿ ಬೇರಿಗಷ್ಟೇ ಕೊಡುತ್ತಾರೆ. ಹನಿ ನೀರಾವರಿಯ ಕೊಳವೆಗಳು ರಾಯಚೂರು ಜಿಲ್ಲೆಯ ತೋಟಗಳಿಗೂ ಬಂದಿವೆ. ಇದು ಶ್ಲಾಘ್ಯವಾದ ಮಾರ್ಗ. ಆದರೆ ಇದರಲ್ಲಿಯೂ ಒಂದು ಪರೀಕ್ಷೆಯುಂಟು. ಹನಿಯಿಂದ ನೀರು ಉಳಿಯುತ್ತದೆ. ಉಳಿದ ನೀರು ಏನಾಗುತ್ತದೆ? ಅದೇ ಕೊಳವೆಬಾವಿಯ ನೀರಿನಿಂದ ಇನ್ನೆರಡು ಎಕರೆ ತೋಟವನ್ನು ಹೆಚ್ಚಿಸಿಕೊಂಡರೆ, ಭೂಮಿಯ ಒಡಲಿನಿಂದ ಎತ್ತಿದ ನೀರು ಒಂದು ಕೊಡವೂ ಕಡಮೆಯಾಗಲಿಲ್ಲ. ನೆರೆಯವನ ಬಾವಿಯು ಮೊದಲಿನಂತೆಯೇ ಬತ್ತುವುದು. ಹೀಗೆ ಮಾಡಿದವನು ಜಾಣನೇ ಹೌದು, ಉಳಿಸಿದವನಲ್ಲ. ಮಿಕ್ಕದ್ದು ಮಿಕ್ಕಿದಾಗಲೇ ಉಳಿತಾಯವು ಧರ್ಮವೆನಿಸುತ್ತದೆ. ಯಂತ್ರವು ನೀರನ್ನು ಮಿತಗೊಳಿಸಬಲ್ಲದು, ಆಸೆಯನ್ನು ಮಿತಗೊಳಿಸಲಾರದು.

ಹಾಗಾದರೆ ಭತ್ತದ ಒಕ್ಕಲಿಗನು ಏನು ಮಾಡಬೇಕು? ನೇಗಿಲನ್ನು ಬಿಡಬೇಕೆಂದಾಗಲಿ, ಒಂದೇ ದಿನದಲ್ಲಿ ಭತ್ತವನ್ನು ತ್ಯಜಿಸಬೇಕೆಂದಾಗಲಿ ಹೇಳುವುದು ವಿವೇಕವಲ್ಲ. ಮಾಡತಕ್ಕವು ಸಾಧಾರಣವಾದ ಕೆಲಸಗಳು. ಮಡಿಯಲ್ಲಿ ಸದಾ ನೀರು ನಿಲ್ಲಿಸದೆ, ಒಮ್ಮೆ ಹಾಯಿಸಿ, ಅದು ಇಂಗಿ ಮೇಲ್ಮಣ್ಣು ಆರುತ್ತ ಬಂದಮೇಲೆ ಮತ್ತೆ ಹಾಯಿಸುವುದು. ಹೂವಾಡುವ ಕಾಲದಲ್ಲಿ ಮಾತ್ರ ಕೊರತೆಯಾಗದಂತೆ ನೋಡಿಕೊಳ್ಳುವುದು. ಕೆಸರು ತುಳಿದು ನಾಟಿಮಾಡುವ ಬದಲು, ಕೃಷಿ ತಜ್ಞರು ತೋರಿಸಿಕೊಟ್ಟಂತೆ ಕೂರಿಗೆಯಿಂದ ನೇರವಾಗಿ ಬಿತ್ತುವ ಪದ್ಧತಿಯನ್ನು ಒಂದೆರಡು ಎಕರೆಯಲ್ಲಿ ಪ್ರಯೋಗಿಸಿ ನೋಡುವುದು. ಎರಡನೆಯ ಬೆಳೆಗೆ ಮತ್ತೆ ಭತ್ತವನ್ನೇ ಹಿಡಿಯದೆ, ನೆಲವು ಆರುವಲ್ಲಿ ಕಡಲೆಯನ್ನೋ ಜೋಳವನ್ನೋ ಬಿತ್ತುವುದು. ಸೆಣಬು, ಡಯಾಂಚಗಳನ್ನು ಬೆಳೆಸಿ ಮಣ್ಣಿಗೆ ಮಗುಚುವುದು. ಭತ್ತದ ಹುಲ್ಲನ್ನು ಸುಡದೆ ದನಗಳಿಗೂ ಮಣ್ಣಿಗೂ ಕೊಡುವುದು. ಬಸಿಗಾಲುವೆಯಲ್ಲಿ ಆಪು, ಜಂಡು ಬೆಳೆದು ನೀರು ಕಟ್ಟದಂತೆ ವರ್ಷಕ್ಕೊಮ್ಮೆ ಊರವರೆಲ್ಲ ಕೂಡಿ ಸ್ವಚ್ಛಮಾಡುವುದು. ಔಷಧ ಸಿಂಪಡಿಸಿದ ಡಬ್ಬಿಗಳನ್ನು ಕಾಲುವೆಯಲ್ಲಿ ತೊಳೆಯದಿರುವುದು. ಕೆಳಗಿನ ಊರಿನವರು ಆ ನೀರನ್ನು ಕುಡಿಯುತ್ತಾರೆ. ತನ್ನ ಪಾಳಿ ಮುಗಿದೊಡನೆ ರಾತ್ರಿಯಾದರೂ ಎದ್ದು ಹೋಗಿ ತೂಬನ್ನು ಮುಚ್ಚುವುದು. ಇವುಗಳಲ್ಲಿ ಕಡೆಯದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ. ಆದರೆ ಎಲ್ಲಕ್ಕಿಂತ ಕಷ್ಟವಾದದ್ದೂ ಅದೇ.

ಇಷ್ಟು ಸಣ್ಣ ಕೆಲಸಗಳಿಂದ ಏನಾದೀತೆಂದು ಸಣ್ಣ ಹಿಡುವಳಿದಾರನು ಕೈಚೆಲ್ಲಬಾರದು. ದೊಡ್ಡವರು ಮಾಡಲಿ, ಸರಕಾರವು ಮಾಡಲಿ ಎಂದು ಕಾಯಬಾರದು. ಮಸ್ಕಿಯ ಬಂಡೆಯ ಮೇಲೆ ೧೯೧೫ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವು ಚಕ್ರವರ್ತಿಯ ಹೆಸರನ್ನು ಸ್ಪಷ್ಟವಾಗಿ ತಿಳಿಸಿಕೊಟ್ಟಿತೆಂದು ಲೋಕಪ್ರಸಿದ್ಧವಾಗಿದೆ. ಆ ಹೆಸರಿಗಿಂತಲೂ ಬೆಲೆಯುಳ್ಳದ್ದು ಅದರ ಆಶಯ: ಧರ್ಮದ ಸಿದ್ಧಿಯು ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು, ಪ್ರಯತ್ನಪಟ್ಟರೆ ಅದು ಅಲ್ಪರಿಗೂ ದೊರೆಯುವುದೆಂದು ಆ ಕಲ್ಲು ಸಾರುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಚಕ್ರವರ್ತಿಯು ಕಲ್ಲಿನಲ್ಲಿ ಕೊರೆಯಿಸಿದ್ದನ್ನು, ಅದೇ ಸೀಮೆಯ ಬಡ ಹೆಂಗಸೊಬ್ಬಳು ಹನ್ನೆರಡನೆಯ ಶತಮಾನದಲ್ಲಿ ಮೊರದ ಅಕ್ಕಿಯಿಂದ ಆಚರಿಸಿ ತೋರಿಸಿದಳು.

ಲಕ್ಕಮ್ಮನ ಮನೆಯಲ್ಲಿ ಬಡತನವಿತ್ತು; ಮಿಕ್ಕ ಅಕ್ಕಿಯನ್ನು ಇಟ್ಟುಕೊಳ್ಳುವುದಕ್ಕೆ ಆಕೆಗೆ ನೂರು ಕಾರಣಗಳಿದ್ದವು. ಆ ಕಾರಣಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಹೀಗಿದ್ದೂ ಅವು ಸಾಲವೆಂದು ಆಕೆ ಕಂಡುಕೊಂಡಳು. ಇಂದಿನ ಗೃಹಸ್ಥನ ಕಾರಣಗಳೂ ಸುಳ್ಳಲ್ಲ. ಸಾಲವು ನಿಜ, ಬೆಲೆಯ ಏರಿಳಿತವು ನಿಜ, ಮೇಲಿನವನ ಬಸಿನೀರು ನಿಜ. ಆದರೆ ಕಾಲುವೆಯ ಕೊನೆಯಲ್ಲಿ ಒಣಗಿದ ಸಸಿಯನ್ನು ಹಿಡಿದು ನಿಂತಿರುವವನೂ ಅಷ್ಟೇ ನಿಜ. ಆತನಿಗೂ ಸಾಲವುಂಟು, ಮಕ್ಕಳುಂಟು, ಕಟ್ಟಬೇಕಾದ ನೀರಿನ ಕರವುಂಟು. ತೂಬಿನ ಬಳಿ ನಿಂತವನು ತನ್ನ ಕಾರಣಗಳನ್ನು ಎಣಿಸುವಾಗ ಆತನ ಕಾರಣಗಳನ್ನೂ ಎಣಿಸಲಿ. ಎಣಿಸಿದ ಮೇಲೆ, ತನ್ನ ಬೆಳೆಗೆ ಎಷ್ಟು ಬೇಕೋ ಅಷ್ಟು ನೀರನ್ನು ಯಾವ ಸಂಕೋಚವೂ ಇಲ್ಲದೆ ತೆಗೆದುಕೊಳ್ಳಲಿ. ಅದು ಆತನ ಕಾಯಕಕ್ಕೆ ಸಂದದ್ದು. ಮಿಕ್ಕದ್ದನ್ನು ಮುಂದಕ್ಕೆ ಬಿಡಲಿ. ಅದು ಎಂದೂ ಆತನದಾಗಿರಲಿಲ್ಲ.